ಒಂದೇ ಸೂರು, ಎರಡು ಬಾಗಿಲು

ವೇದಿಕೆಯ ಮೇಲೆ ಕುಳಿತಿರುವ ನಮ್ಮ ಬೆಳೆಗಾರರ ಸಂಘದ ಅಧ್ಯಕ್ಷರೇ, ಬೆಳಗ್ಗೆಯಿಂದ ಓಡಾಡಿ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದ ಕಾರ್ಯದರ್ಶಿಗಳೇ, ನಾಟಿ ಯಂತ್ರದ ಕಂಪನಿಯಿಂದ ದೂರ ಪ್ರಯಾಣ ಮಾಡಿ ಬಂದಿರುವ ಅತಿಥಿಗಳೇ, ಮುಂದಿನ ಕುರ್ಚಿಗಳಲ್ಲಿರುವ ಜಮೀನಿನ ಒಡೆಯರೇ, ಹಿಂದಿನ ಬೆಂಚುಗಳಲ್ಲಿರುವ ನಮ್ಮ ಸಾಲುಮನೆ ಬೀದಿಯ ಅಕ್ಕತಂಗಿಯರೇ, ಊಟಕ್ಕೆಂದು ಬಂದು ಭಾಷಣಕ್ಕೆ ಸಿಕ್ಕಿಬಿದ್ದಿರುವ ಉಳಿದ ಸಭಿಕರೇ,

ಹೀಗೆ ಶುರುಮಾಡಬೇಕೆಂದು ನನಗೆ ಯಾರೂ ಹೇಳಿಕೊಡಲಿಲ್ಲ. ಈ ಸಭಾಂಗಣದ ಹಿಂದಿನ ಬೆಂಚಿನಲ್ಲಿ ಕುಳಿತು ವರ್ಷ ವರ್ಷವೂ ಭಾಷಣ ಕೇಳಿದವಳು ನಾನು. ಯಾರು ಎಲ್ಲಿ ಕೆಮ್ಮುತ್ತಾರೆ, ಯಾರು ಎಲ್ಲಿ ಕನ್ನಡಕ ತೆಗೆದು ಒರೆಸುತ್ತಾರೆ ಎಂಬುದೆಲ್ಲ ಬಾಯಿಪಾಠವಾಗಿದೆ. ಆದರೆ ಮೈಕಿನ ಈಚೆಗೆ ನಿಂತದ್ದು ಇದೇ ಮೊದಲು. ಇಲ್ಲಿಂದ ನೋಡಿದರೆ ನಿದ್ದೆ ಮಾಡುವವರು ಇಷ್ಟು ಸ್ಪಷ್ಟವಾಗಿ ಕಾಣುತ್ತಾರೆಂದು ಗೊತ್ತಿದ್ದರೆ, ನಾನು ಅಷ್ಟು ವರ್ಷ ಅಷ್ಟು ಧೈರ್ಯವಾಗಿ ತೂಕಡಿಸುತ್ತಿರಲಿಲ್ಲ.

ಅಧ್ಯಕ್ಷರು ಈಗಷ್ಟೇ ನನಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಬಹಳ ಚೆನ್ನಾಗಿದೆ. ಕೆಲಸ ಇದ್ದಷ್ಟು ದಿನ ಹೊತ್ತು ನೋಡಲು ಮೇಲೆ ಸೂರ್ಯ ಇದ್ದ. ಕೆಲಸವೆಲ್ಲ ಮುಗಿದ ಮೇಲೆ ಗಡಿಯಾರ ಬಂತು. ಬೇಜಾರು ಮಾಡಿಕೊಳ್ಳಬೇಡಿ ಅಧ್ಯಕ್ಷರೇ, ಇದು ತಮಾಷೆ. ಮನೆಯಲ್ಲಿ ತೂಗುಹಾಕುತ್ತೇನೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹಿಂದಿನ ಬೆಂಚಿನವರು ನನ್ನ ಮಾತು ಕೇಳುವುದಿಲ್ಲ, ಬಾಯಿ ನೋಡುತ್ತಾ ಕೂರುತ್ತಾರೆ. ಸಂಘದವರು ಹೊಸದಾಗಿ ಒಂದು ಸಸಿ ಶೆಡ್ಡು ಕಟ್ಟಿಸಿದ್ದಾರೆ. ಈ ವರ್ಷದಿಂದ ನಮ್ಮ ಬದಲು ನೆಡಲಿರುವ ಈ ನಾಟಿ ಯಂತ್ರ ಬಹಳ ನಾಜೂಕಿನದು. ನಾವು ಕಟ್ಟು ಕಟ್ಟಿ ಹೊತ್ತು ತಂದ ಸಸಿಯನ್ನು ಅದು ಮುಟ್ಟುವುದಿಲ್ಲ. ತಟ್ಟೆಯಲ್ಲಿ ಒಂದೇ ಅಳತೆಗೆ ಬೆಳೆಸಿ ಕೊಡಬೇಕು. ಹಾಗೆ ಬೆಳೆಸಿ ಕೊಡಲು ಒಬ್ಬ ಹೆಂಗಸು ಬೇಕು. ವರ್ಷವಿಡೀ ಕೆಲಸ, ತಿಂಗಳ ಸಂಬಳ. ಒಬ್ಬಳು, ಒಬ್ಬಳೇ. ಆ ಒಬ್ಬಳು ಯಾರೆಂದು ಈ ವೇದಿಕೆಯಿಂದಲೇ ಹೇಳಿಬಿಡು, ನಿನ್ನ ಮಾತಿಗೆ ಬೀದಿಯಲ್ಲಿ ಯಾರೂ ಎದುರಾಡುವುದಿಲ್ಲ ಎಂದು ಅಧ್ಯಕ್ಷರು ನನಗೆ ವಹಿಸಿದರು. ಪಾಪ, ನಮ್ಮ ಬೀದಿಯಲ್ಲಿ ಅವರು ಒಂದು ಸಂಜೆಯೂ ನಿಂತವರಲ್ಲ. ಹೆಸರು ಹೇಳುತ್ತೇನೆ, ಕೆಳಗಿಳಿಯುವ ಮುಂಚೆ ಹೇಳಿಯೇ ಹೇಳುತ್ತೇನೆ. ಅಲ್ಲಿಯವರೆಗೆ ಸ್ವಲ್ಪ ಸಮಾಧಾನವಿರಲಿ.

ಅತಿಥಿಗಳಿಗೆ ನಾನು ಯಾರೆಂದೇ ಗೊತ್ತಿರಲಿಕ್ಕಿಲ್ಲ. ನನ್ನನ್ನು ಎಲ್ಲರೂ ಕೂಗಕ್ಕ ಎನ್ನುತ್ತಾರೆ. ಕೂಗುವುದೇ ನನ್ನ ಕೆಲಸ. ನನಗಿಂತ ಮುಂಚೆ ನನ್ನ ಅತ್ತೆಯವರು ಕೂಗುತ್ತಿದ್ದರು. ಸಂಜೆ ಆಗುತ್ತಿದ್ದಂತೆ ಒಡೆಯರು ಹೇಳಿ ಕಳಿಸುತ್ತಿದ್ದರು: ನಾಳೆ ಕಳೆ ತೆಗೆಯಬೇಕು ಇಷ್ಟು ಜನ ಬೇಕು, ನಾಟಿ ಇದೆ ಇಷ್ಟು ಜನ ಬೇಕು ಎಂದು. ಅದನ್ನು ತಲೆಯಲ್ಲಿಟ್ಟುಕೊಂಡು ಬೀದಿಯ ಒಂದು ತುದಿಯಿಂದ ಹೊರಟು ಬಾಗಿಲು ಬಾಗಿಲಿಗೂ ನಿಂತು, ನಾಳೆ ಯಾರ ಜಮೀನು, ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೂಗಿ ಹೋಗುವುದು. ಒಳಗಿನಿಂದ ಒಂದು ‘ಹ್ಞೂಂ’ ಬಂದರೆ ಮುಗಿಯಿತು. ಕರಾರಿಲ್ಲ, ಕಾಗದವಿಲ್ಲ. ಎಷ್ಟು ಜನ ಬೇಕೋ ಅಷ್ಟು ಬಾಗಿಲು ಆದ ಮೇಲೆ ಬಾಯಿ ಮುಚ್ಚಬೇಕು. ಉಳಿದ ಬಾಗಿಲುಗಳ ಕಡೆ ತಲೆಯೆತ್ತಿ ನೋಡದೆ ಬೀದಿಯ ನಡುವೆ ನಡೆದು ಮನೆ ಸೇರಬೇಕು. ನೋಡಿದರೆ ಅವರಿಗೆ ಅವಮಾನ. ಅವರೂ ಬಾಗಿಲಿಗೆ ಬಂದು, ಯಾಕೆ ಕರೆಯಲಿಲ್ಲ ಎಂದು ಕೇಳುವ ಹಾಗಿಲ್ಲ. ಇವತ್ತು ಎಲ್ಲಿ ನಿಂತಿತೋ ನಾಳೆ ಅದರ ಪಕ್ಕದ ಬಾಗಿಲಿನಿಂದ ಶುರು. ಸರದಿ ಎಂದರೆ ಸರದಿ.

ಅತ್ತೆಯವರು ಈ ಕೆಲಸ ನನಗೆ ಒಪ್ಪಿಸುವಾಗ ಹೇಳಿದ್ದು ಒಂದೇ ಮಾತು. “ಬಡಿಸೋಳು ಕೊನೆಗೆ ಉಣ್ಣಬೇಕು ಕಣಮ್ಮ. ನಿನ್ನ ಮನೆ ಬೀದಿಗೆಲ್ಲ ಆದಮೇಲೆ.” ಅಂದರೆ ಒಂದೇ ದಿನಕ್ಕೆ ಬೀದಿಯ ಅಷ್ಟೂ ಮನೆಗಳನ್ನು ಕರೆದ ಮೇಲೆ ಇನ್ನೂ ಆಳು ಬೇಕಾದರೆ ಮಾತ್ರ ನಮ್ಮ ಮನೆ. ಕರೆಯುವವಳು ಹೇಗೂ ಹೋಗಲೇಬೇಕು, ಹೋಗಿ ಕೆಲಸ ತೋರಿಸಬೇಕು, ಅದು ಬೇರೆ. ಮನೆಯ ಉಳಿದವರು ಮಾತ್ರ ಎಲ್ಲರಿಗಿಂತ ಹಿಂದೆ.

ಆಗ ಈ ಮಾತು ಭಾರವೆನಿಸಲಿಲ್ಲ. ಯಾಕೆ ಅನಿಸಬೇಕು? ಆಗ ಬೀದಿಗೆ ಬೀದಿಯೇ ಹೋದರೂ ಆಳು ಸಾಲುತ್ತಿರಲಿಲ್ಲ. ಕಳೆ ತೆಗೆಯುವುದೊಂದೇ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಬಸುರಿಯರನ್ನು ನೆರಳಲ್ಲಿ ಕೂರಿಸಿ ಸಸಿ ಕಟ್ಟುವ ಕೆಲಸ ಕೊಡುತ್ತಿದ್ದೆವು, ಮುದುಕಿಯರನ್ನು ಹಕ್ಕಿ ಓಡಿಸಲು ಕೂರಿಸುತ್ತಿದ್ದೆವು. ಹಕ್ಕಿ ಓಡಿಸುವ ಮುದುಕಿಯರು ಹಕ್ಕಿಗಿಂತ ಹೆಚ್ಚು ಗಲಾಟೆ ಮಾಡುತ್ತಿದ್ದರು. ಬೆಳಗಿನ ಜಾವ ಬೀದಿಯಲ್ಲಿ ನಿಂತು ತಲೆ ಎಣಿಸುವಾಗ ನನಗೆ ಬರುತ್ತಿದ್ದ ಗತ್ತು, ಅಬ್ಬಾ, ಅಧ್ಯಕ್ಷರೇ, ನಿಮಗೂ ಈ ಕುರ್ಚಿಯಲ್ಲಿ ಬರುವುದಿಲ್ಲ.

ಮೊದಲು ಹೋದದ್ದು ಕಳೆ. ಒಬ್ಬ ಮನುಷ್ಯ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಂದ, ಔಷಧಿ ಹೊಡೆದ, ಹೋದ. ನಮ್ಮ ಬೀದಿ ತಿಂಗಳು ಮಾಡುತ್ತಿದ್ದ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ನಾವು ಬದುವಿನ ಮೇಲೆ ನಿಂತು ನೋಡಿ ನಕ್ಕೆವು. ಔಷಧಿಗೆಲ್ಲ ಕಳೆ ಸಾಯುತ್ತದೆಯೇ ಎಂದು ನಕ್ಕೆವು. ಆಮೇಲೆ ಕೊಯ್ಲಿನ ಯಂತ್ರ ಬಂತು. ಆಮೇಲೆ ರಸ್ತೆ ಪಕ್ಕದ ಜಮೀನುಗಳಲ್ಲಿ ಗೋದಾಮು ಎದ್ದವು. ಪೈರು ಇದ್ದಲ್ಲಿ ಈಗ ಲಾರಿ ತಿರುಗುತ್ತವೆ. ಉಳಿದದ್ದು ನಾಟಿ. ಬಗ್ಗಿ ನೆಡುವ ಕೆಲಸ ಯಾವ ಯಂತ್ರಕ್ಕೂ ಬರುವುದಿಲ್ಲ, ಯಂತ್ರಕ್ಕೆ ಸೊಂಟ ಎಲ್ಲಿದೆ ಎಂದು ನಾನೇ ಎಲ್ಲರಿಗೂ ಧೈರ್ಯ ಹೇಳುತ್ತಿದ್ದೆ. ಅತಿಥಿಗಳು ನಗುತ್ತಿದ್ದಾರೆ. ನಗಿ, ನಗಿ, ನಿಮ್ಮ ಯಂತ್ರ ಚೆನ್ನಾಗಿಯೇ ನೆಡುತ್ತದೆ.

ಹೀಗೆ ಒಂದೊಂದೇ ಹೋದ ಹಾಗೆ ನನ್ನ ಕೆಲಸ ಏನಾಯಿತು ಗೊತ್ತೇ? ಕರೆಯುವವಳು ಹೋಗಿ ಕರೆಯದೇ ಇರುವವಳಾದೆ. ಅರ್ಧ ಬೀದಿ ಕರೆದು ಅರ್ಧ ಬೀದಿ ದಾಟಿಹೋಗುವುದು, ಆಮೇಲೆ ನಾಲ್ಕು ಬಾಗಿಲು ಕರೆದು ಉಳಿದದ್ದೆಲ್ಲ ದಾಟಿಹೋಗುವುದು. ಹೆಂಗಸರು ಬಾಗಿಲಿಗೆ ಬರುವ ಹಾಗಿಲ್ಲವಲ್ಲ, ಅದಕ್ಕೆ ನಾನು ಬರುವ ಹೊತ್ತಿಗೆ ಸರಿಯಾಗಿ ಪೊರಕೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ಕಾಯುತ್ತಿಲ್ಲ, ಗುಡಿಸುತ್ತಿದ್ದೇವೆ ಎಂದು ಲೆಕ್ಕ. ಎಲ್ಲರೂ ತಲೆ ತಗ್ಗಿಸಿ ಗುಡಿಸುವವರೇ. ಕೆಲಸ ಕಡಿಮೆಯಾದಷ್ಟೂ ಬೀದಿ ಥಳಥಳ. ಆ ವರ್ಷಗಳಲ್ಲಿ ನಮ್ಮ ಬೀದಿಯಷ್ಟು ಚೊಕ್ಕವಾದ ಬೀದಿ ಲೋಕದಲ್ಲೇ ಇದ್ದಿರಲಿಕ್ಕಿಲ್ಲ. ಅದರ ನಡುವೆ ನಾನು ಬಾಯಿ ಮುಚ್ಚಿಕೊಂಡು ನಡೆಯಬೇಕು. ಒಬ್ಬಳು ಮಾತ್ರ ಗುಡಿಸುತ್ತಾ ಗುಡಿಸುತ್ತಾ ಮಾತಾಡುತ್ತಲೇ ಇರುತ್ತಿದ್ದಳು. ಅವಳಿಗೆ ರೇಡಿಯೊ ಎಂದೇ ಹೆಸರು. ಆಫ್ ಮಾಡುವ ಗುಂಡಿ ಇಲ್ಲದ ರೇಡಿಯೊ. ಅಗೋ, ಮೂರನೆಯ ಬೆಂಚಿನಲ್ಲಿ ಈಗಲೂ ಪಕ್ಕದವಳ ಕಿವಿ ತಿನ್ನುತ್ತಿದ್ದಾಳೆ.

ಒಡೆಯರು ಪ್ರತಿ ವರ್ಷ ಈ ವೇದಿಕೆಯಿಂದ ಹೇಳುತ್ತಿದ್ದರು, ಆಳು ಸಿಗುವುದಿಲ್ಲ, ಆಳು ಸಿಗುವುದಿಲ್ಲ ಎಂದು. ನಾವು ಹಿಂದಿನ ಬೆಂಚಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ನಾವು ಕೆಲಸ ಸಿಗುವುದಿಲ್ಲ ಎನ್ನುವವರು. ಇಬ್ಬರದೂ ಸುಳ್ಳಲ್ಲ. ನಾಟಿಗೆ ಹತ್ತು ದಿನ ಕರೆಯುತ್ತೇವೆ, ಉಳಿದ ದಿನ ಗಾಳಿ ತಿಂದುಕೊಂಡು ಕಾಯುತ್ತಿರಿ ಎಂದರೆ ಯಾರು ಕಾಯುತ್ತಾರೆ? ಗಂಡಸರು ಮೊದಲು ಹೋದರು. ಆಮೇಲೆ ಹರೆಯದ ಹುಡುಗಿಯರು ಪಟ್ಟಣದ ಪ್ಯಾಕಿಂಗ್ ಶೆಡ್ಡುಗಳಿಗೆ ಹೋದರು. ಆ ಹತ್ತು ದಿನಕ್ಕೂ ಜನ ಸಾಲದೇ ಹೋದಾಗ ನೀವು ಯಂತ್ರ ತಂದಿರಿ. ನಿಮ್ಮದು ತಪ್ಪು ಎನ್ನಲು ನಾನು ಇಲ್ಲಿಗೆ ಬಂದಿಲ್ಲ.

ಈಗ ನನ್ನ ಓರಗಿತ್ತಿಯ ವಿಷಯ ಹೇಳಬೇಕು. ನನ್ನ ಮೈದುನನ ಹೆಂಡತಿ. ಬೇಡ ಅಂದುಕೊಂಡೇ ಮೆಟ್ಟಿಲು ಹತ್ತಿದೆ, ಆದರೆ ಹೆಸರು ಹೇಳುವ ಮೊದಲು ಇದನ್ನು ಹೇಳದಿದ್ದರೆ ಆಗುವುದಿಲ್ಲ.

ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡರು. ನಡುಮನೆಯಲ್ಲಿ ಒಂದು ಇಟ್ಟಿಗೆ ಗೋಡೆ ಎದ್ದಿತು, ಆಚೆಗೊಂದು ಬಾಗಿಲು ಒಡೆದರು. ಒಲೆ ಬೇರೆ, ಬಾಗಿಲು ಬೇರೆ, ಮೇಲಿನ ಹೆಂಚು ಮಾತ್ರ ಒಂದೇ. ನನ್ನ ಮೈದುನ ಲಾರಿಯ ಜೊತೆ ಹೋದವನು ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಅದೂ ಇಲ್ಲ. ಗೋಡೆಯ ಆಚೆ ದುಡಿಯುವ ಕೈ ಅವಳದೊಂದೇ. ಕೆಲಸ ಧಾರಾಳವಾಗಿದ್ದಾಗ ಯಾವ ತೊಂದರೆಯೂ ಇರಲಿಲ್ಲ, ದಿನವೂ ಕೊನೆಗೆ ಅವಳ ಬಾಗಿಲಿನಲ್ಲಿ ನಿಂತು ಕರೆಯುತ್ತಿದ್ದೆ. ಕೆಲಸ ಕಡಿಮೆಯಾದ ಮೇಲೆ, ನಾಟಿಯ ಆ ಹತ್ತು ದಿನ ಬಿಟ್ಟರೆ, ಬೀದಿಯ ಸುತ್ತು ಯಾವ ದಿನವೂ ಮುಗಿಯಲೇ ಇಲ್ಲ. ಸುತ್ತು ಮುಗಿಯದೆ ನಮ್ಮ ಮನೆಯ ಸರದಿ ಬರುವುದು ಹೇಗೆ?

ಒಂದು ಸಂಜೆ ನಾನು ಮನೆಯ ಮೆಟ್ಟಿಲು ಹತ್ತುವಾಗ ಅವಳು ತನ್ನ ಬಾಗಿಲಿನಿಂದ ಕೇಳಿದಳು. “ಅಕ್ಕ, ಗೋಡೆ ಎದ್ದಮೇಲೆ ಇದು ಎರಡು ಮನೆ ಅಲ್ವಾ? ನಿನ್ನ ಮನೆ ಕೊನೆಗಿರ್ಲಿ. ನನ್ನ ಮನೇನ ಬೀದಿ ಜೊತೆ ಸೇರಿಸ್ಕೊ.”

ನಾನು ಹೇಳಿದೆ, “ಬಾಗಿಲು ಎರಡಿರಬಹುದು. ಸೂರು ಒಂದೇ.”

ಅವಳು ಜಗಳ ಮಾಡಲಿಲ್ಲ, ನಕ್ಕಳು. “ಬಡಿಸೋರು ನಮ್ಮೋರಾದ್ರೆ ಕೊನೇ ಪಂಕ್ತಿಯಾದ್ರೇನು ಅಂತಾರೆ. ನಮ್ಮನೇಲಿ ಅದೂ ಉಲ್ಟಾ,” ಎಂದಳು. ಆ ಮಾತಿಗೆ ನಾನೂ ನಕ್ಕೆ. ನಕ್ಕು ಒಳಗೆ ಹೋದೆ.

ಸಭಿಕರೇ, ನಾನು ತಪ್ಪು ಮಾಡಿದೆ ಎಂದು ಇಲ್ಲಿ ಹೇಳುವುದಿಲ್ಲ. ನೀವೇ ಹೇಳಿ, ಅವಳನ್ನು ಕರೆದಿದ್ದರೆ ಈ ಹಿಂದಿನ ಬೆಂಚಿನವರು ನನ್ನನ್ನು ಬಿಡುತ್ತಿದ್ದರೇ? ಕೂಗಕ್ಕ ಸಮಯ ನೋಡಿ ಒಂದು ಮನೆಯನ್ನು ಎರಡು ಮಾಡಿಕೊಂಡಳು ಎನ್ನುತ್ತಿರಲಿಲ್ಲವೇ? ಎನ್ನುತ್ತಿದ್ದಿರಿ, ತಲೆ ಅಲ್ಲಾಡಿಸಬೇಡಿ. ಒಂದು ಸಲ ಆ ಮಾತು ಬಂದರೆ ಮಾರನೆಯ ದಿನದಿಂದ ನನ್ನ ಸರದಿಯನ್ನು ಯಾರೂ ನಂಬುತ್ತಿರಲಿಲ್ಲ. ನನಗೆ ಆ ನಂಬಿಕೆ ಬೇಕಿತ್ತು. ಅವಳಿಗೆ ಕೂಲಿ ಬೇಕಿತ್ತು. ಬೆಳಗ್ಗೆ ನಾನು ನಾಲ್ಕು ಜನರನ್ನು ಕಟ್ಟಿಕೊಂಡು ಹೊರಡುವಾಗ ಗೋಡೆಯ ಆಚೆ ಅವಳು ಎದ್ದು ಓಡಾಡುವುದು ಕೇಳುತ್ತಿತ್ತು. ಹೋಗಲು ಜಾಗವಿಲ್ಲದಿದ್ದರೂ ಕೆಲಸಕ್ಕೆ ಏಳುವ ಹೊತ್ತಿಗೇ ಏಳುತ್ತಿದ್ದಳು.

ಒಂದು ದಿನ ನಾನು ಗದ್ದೆಯಿಂದ ಬಂದಾಗ ಆ ಬಾಗಿಲಿಗೆ ಬೀಗ ಬಿದ್ದಿತ್ತು. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿಕೊಂಡಳು. ಬೀಗದ ಕೈಯನ್ನು ನನಗೆ ಕೊಡಲಿಲ್ಲ, ರೇಡಿಯೊಗೆ ಕೊಟ್ಟು ಹೋದಳು. ಗೋಡೆಗೆ ಅಂಟಿಕೊಂಡ ಮನೆಯವಳನ್ನು ಬಿಟ್ಟು ಬೀದಿಯ ಆ ತುದಿಯವಳಿಗೆ ಕೊಟ್ಟಳಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಏಳು ವರ್ಷ ಕಳೆದುಹೋದವು. ಅವಳು ಬರಲಿಲ್ಲ, ನಾನು ಹೋಗಲಿಲ್ಲ.

ಈ ಸಸಿ ಶೆಡ್ಡಿನ ಕೆಲಸಕ್ಕೆ ಒಬ್ಬಳನ್ನು ಹೇಳು ಎಂದು ಅಧ್ಯಕ್ಷರು ಅಂದ ಕ್ಷಣವೇ ನನ್ನ ತಲೆಯಲ್ಲಿ ಬಂದದ್ದು ಅವಳ ಮುಖ. ಈ ಸಲ ಯಾರು ಏನಾದರೂ ಅಂದುಕೊಳ್ಳಲಿ, ನನ್ನ ಮನೆಯನ್ನೇ ಕರೆಯುತ್ತೇನೆ ಎಂದು ತೀರ್ಮಾನ ಮಾಡಿದೆ. ಹೌದು, ಅಕ್ಕತಂಗಿಯರೇ, ನಿಮಗೆಲ್ಲ ನಾಮ ಹಾಕಲು ಸಿದ್ಧಳಾಗಿದ್ದೆ. ಇನ್ನು ಮೇಲೆ ಕರೆಯಲು ಕೆಲಸವೇ ಇಲ್ಲದ ಮೇಲೆ ಒಳ್ಳೆಯ ಹೆಸರನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಲೇ? ಮೊನ್ನೆ ಬಸ್ಸು ಹತ್ತಿ ಆ ಆಸ್ಪತ್ರೆಗೆ ಹೋದೆ.

ಹಿಂಭಾಗದಲ್ಲಿ, ಮೆಟ್ಟಿಲಿಳಿದು ಹೋಗಬೇಕಾದ ಕೋಣೆ. ಆಳೆತ್ತರದ ಒಗೆಯುವ ಯಂತ್ರಗಳು, ಹಬೆ, ಗೋಡೆಯವರೆಗೂ ರಾಶಿ ಬಿದ್ದ ಬೆಡ್‌ಶೀಟುಗಳು. ಅವಳು ನೀಲಿ ಅಂಗಿ ತೊಟ್ಟು ಮಡಿಸುತ್ತಿದ್ದಳು. ನನ್ನನ್ನು ನೋಡಿದಳು. ಕೈಯಲ್ಲಿದ್ದ ಬೆಡ್‌ಶೀಟಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಎರಡು ಕಡೆ ಹಿಡಿದು ಮಡಿಸತೊಡಗಿದೆವು. ನಾಲ್ಕೈದು ಬೆಡ್‌ಶೀಟು ಹಾಗೇ ಮುಗಿದವು. ಕೊನೆಗೆ ನಾನೇ ಶೆಡ್ಡು, ಸಂಬಳ, ಸಭೆ ಎಲ್ಲ ಒಂದೇ ಉಸಿರಿಗೆ ಹೇಳಿ, ಬಂದುಬಿಡು, ಈ ಸಲ ನಿನ್ನನ್ನೇ ಕರೆಯುತ್ತೇನೆ ಎಂದೆ.

ಅವಳು ಬೇಡವೆಂದಳು. ಸಿಟ್ಟಿನಿಂದಲ್ಲ, ತಣ್ಣಗೆ. ಇಲ್ಲಿ ಸಂಬಳವಿದೆ, ವಾರಕ್ಕೊಂದು ರಜೆ ಇದೆ, ಕಾಲಿಗೆ ಕೆಸರಿಲ್ಲ. ಬೀದಿಯಲ್ಲಿ ಉಳಿದವರಿಗೆ ಅದೊಂದೇ ಇದೆ, ಅವರಿಗೇ ಕೊಡು ಎಂದಳು. ನನಗೆ ತಡೆಯಲಾಗಲಿಲ್ಲ. ಬೀದಿಯಲ್ಲಿ ನಿನ್ನಂಥ ಕೈ ಯಾರಿಗಿದೆ, ಇಡೀ ಗುಂಪಿನಲ್ಲಿ ನಿನ್ನಂಥ ಕೈ ಯಾವತ್ತಾದರೂ ಯಾರಿಗಿತ್ತು ಎಂದುಬಿಟ್ಟೆ.

ಮಡಿಸುತ್ತಿದ್ದವಳು ನಿಲ್ಲಿಸಿದಳು. “ಈ ಮಾತು ಆವತ್ತು ಎಲ್ಲಿತ್ತಕ್ಕ?”

ಆವತ್ತು ಎಂದರೆ ಯಾವತ್ತು ಎಂದು ಕೇಳುವ ಅಗತ್ಯ ನನಗೆ ಇರಲಿಲ್ಲ. ಆದರೂ ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಹೆಸರು ಹೇಳಿ ಮುಗಿಸುತ್ತೇನೆ, ಬೆಂಚುಗಳು ಕಿರುಗುಟ್ಟುತ್ತಿವೆ.

ಹೋದ ವರ್ಷ ನಾಟಿಯ ಕೊನೆಯ ದಿನ, ಉಳಿದ ತುಂಡು ಗದ್ದೆಗೆ ನಾಲ್ಕೇ ಜನ ಸಾಕೆಂದಾಗ, ಸರದಿ ನಿಂತದ್ದು ಹೊಲಿಗೆಯವಳ ಮನೆಯಲ್ಲಿ. ಅದರ ಪಕ್ಕದ ಬಾಗಿಲು ಯಾರದು? ನಿಮಗೆಲ್ಲ ಗೊತ್ತು. ಸಸಿ ಶೆಡ್ಡಿನ ಕೆಲಸ ರೇಡಿಯೊಗೆ. ನಗಬೇಡಿ! ಕಳೆ ಎಂದು ಸಸಿ ಕಿತ್ತು, ಸಸಿ ಎಂದು ಕಳೆ ಬಿಟ್ಟವಳು ಇವಳೇ ಎಂಬುದು ನನಗೂ ನೆನಪಿದೆ. ಇವಳಿಗಿಂತ ಕೆಲಸ ಬಲ್ಲವರು ಆ ಬೆಂಚುಗಳಲ್ಲಿ ಇದ್ದಾರೆ, ಇವಳಿಗಿಂತ ಕಷ್ಟದಲ್ಲಿರುವವರೂ ಇದ್ದಾರೆ. ಅವರಲ್ಲಿ ಇಬ್ಬರು ಮೂವರು ಈಗ ನನ್ನ ಮುಖ ನೋಡದೆ ನೆಲ ನೋಡುತ್ತಿದ್ದಾರೆ, ಅದೂ ಕಾಣುತ್ತಿದೆ. ಏನು ಮಾಡಲಿ? ನನ್ನ ಓರಗಿತ್ತಿಯನ್ನು ಬಿಟ್ಟದ್ದು ಸರದಿಗಾಗಿ. ಇವತ್ತು ಸರದಿ ಮುರಿದು ಇನ್ನೊಬ್ಬಳನ್ನು ಕರೆದರೆ ಅವಳನ್ನು ಯಾತಕ್ಕಾಗಿ ಬಿಟ್ಟ ಹಾಗಾಯಿತು? ಏ ರೇಡಿಯೊ, ಅಳಬೇಡ. ಸಸಿಗಳ ಹತ್ತಿರ ಎಷ್ಟು ಬೇಕಾದರೂ ಮಾತಾಡು, ಅವು ಎದ್ದು ಹೋಗುವುದಿಲ್ಲ. ನೀರು ಹಾಕುವುದು ಮಾತ್ರ ಮರೆಯಬೇಡ.

ಇನ್ನು ಆವತ್ತಿನ ವಿಷಯ. ಅಧ್ಯಕ್ಷರೇ, ಇದು ನಿಮಗೆ ಹೇಳಬೇಕಾದದ್ದು. ನಿಮ್ಮ ತಂದೆಯವರ ಕಾಲ. ನಿಮ್ಮ ದೊಡ್ಡ ಗದ್ದೆಯಲ್ಲಿ ನಾಟಿ ನಡೆದಿತ್ತು. ಅವರು ಸೈಕಲ್ಲಿನಲ್ಲಿ ಬಂದವರು ಬದುವಿನ ಮೇಲೆ ಇಳಿದು ನಿಂತರು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ, ನಿಮಗೇ ಗೊತ್ತು. ಆವತ್ತು ಮಾತ್ರ ಒಂದು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಹಗ್ಗ ಎಳೆದು ನೆಟ್ಟ ಹಾಗಿತ್ತು, ಎಲ್ಲೂ ಒಂದು ಸಸಿ ಆಚೆ ಈಚೆ ಇಲ್ಲ. “ಇದು ಯಾರ ಕೈ?” ಎಂದು ಕೇಳಿದರು.

ಅವಳು ಕೆಸರು ಕೈಯಲ್ಲೇ ಸೊಂಟ ನೆಟ್ಟಗೆ ಮಾಡಿ ನಿಂತಳು. ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಒಡೆಯರಿಗೆ ಉತ್ತರ ಕೊಡುವುದು ಕರೆಯುವವಳ ಕೆಲಸ, ಬೇರೆಯವರು ಬಾಯಿ ಹಾಕುವ ಹಾಗಿಲ್ಲ. ನಾನು, “ಎಲ್ಲರದೂ ಯಜಮಾನರೇ, ನಮ್ಮ ಗುಂಪಿನದು,” ಎಂದೆ. ನನ್ನ ಮನೆಯವಳನ್ನು ನಾನೇ ಹೊಗಳುವುದು ಹೇಗೆ ಎಂದು ಹಾಗಂದೆ. ಅವರು ಹ್ಞೂಂ ಎಂದು ಸೈಕಲ್ಲು ಹತ್ತಿದರು. ಅವಳು ಮತ್ತೆ ಬಗ್ಗಿದಳು.

ಮೊನ್ನೆ ಆ ಹಬೆಯ ಕೋಣೆಯಲ್ಲಿ ಅವಳು ಹೇಳಿದ್ದು ಇದನ್ನೇ. “ಕರೀಲಿಲ್ಲ ಅಂತ ನನಗೆ ಸಿಟ್ಟಿಲ್ಲಕ್ಕ. ಕೆಲಸ ಇಲ್ದಿದ್ರೆ ಯಾರಾದ್ರೂ ಊರು ಬಿಡ್ತಾರೆ. ಅದು ನನ್ನ ಕೈ ಅಂತ ಒಂದು ಸಲ ಹೇಳ್ಬಹುದಿತ್ತು ನೀನು. ಅದಕ್ಕೇನು ಸರದಿ ಇತ್ತಾ?”

ಇವತ್ತು ಬಾ ಎಂದು ಕರೆದೆ. ಡ್ಯೂಟಿ ಇದೆ ಎಂದಳು. ನಿಜಕ್ಕೂ ಇತ್ತೋ ಇಲ್ಲವೋ, ಬಂದಿಲ್ಲ. ನಾನು ಮಾತು ಶುರುಮಾಡಿದಾಗಿನಿಂದ ಬಾಗಿಲ ಕಡೆ ನೋಡುತ್ತಲೇ ಇದ್ದೇನೆ.

ಅಧ್ಯಕ್ಷರೇ, ನಿಮ್ಮ ತಂದೆಯವರು ಈಗಿಲ್ಲ, ಆದ್ದರಿಂದ ಅವರು ಕೇಳಿದ್ದಕ್ಕೆ ಉತ್ತರವನ್ನು ನಿಮಗೆ ಒಪ್ಪಿಸುತ್ತೇನೆ. ಆ ಸಾಲು ಎಲ್ಲರದೂ ಅಲ್ಲ. ಅದು ನನ್ನ ಓರಗಿತ್ತಿಯದು. ನಾನು ಈ ಬೀದಿಯಿಂದ ಕರೆದುಕೊಂಡು ಹೋದ ಅಷ್ಟೂ ಹೆಂಗಸರಲ್ಲಿ ಅವಳ ಕೈಯೇ ಕೈ. ಇದನ್ನು ಹೇಳಲು ಮೈಕು ಬೇಕಿರಲಿಲ್ಲ, ಸಭೆ ಬೇಕಿರಲಿಲ್ಲ. ಗೋಡೆಯ ಆಚೆ ಇದ್ದಳು. ಮಲಗಿದಲ್ಲಿಂದಲೇ ಸ್ವಲ್ಪ ಗಟ್ಟಿಯಾಗಿ ಹೇಳಿದ್ದರೂ ಅವಳಿಗೆ ಕೇಳಿಸುತ್ತಿತ್ತು. ಬೀದಿಗೆಲ್ಲ ಕೇಳುವ ಹಾಗೆ ಜೀವಮಾನವಿಡೀ ಕೂಗಿದೆ, ಅವಳಿಗೆ ಅದೊಂದು ಮಾತು ಹೇಳಲಿಲ್ಲ.

ನನಗೆ ಮಾತಾಡಲು ಅವಕಾಶ ಕೊಟ್ಟ ಸಂಘದವರಿಗೂ, ದೂರದಿಂದ ಬಂದ ಅತಿಥಿಗಳಿಗೂ, ನಾನು ದಾಟಿಹೋದ ಬಾಗಿಲುಗಳ ಒಳಗಿದ್ದೂ ಇವತ್ತು ನನಗಾಗಿ ಬಂದು ಕುಳಿತಿರುವ ನನ್ನ ಬೀದಿಯವರಿಗೂ ಕೈಮುಗಿಯುತ್ತೇನೆ. ನಿಮ್ಮಲ್ಲಿ ಯಾರಾದರೂ ಪಟ್ಟಣದ ಆ ಆಸ್ಪತ್ರೆಯ ಕಡೆ ಹೋದರೆ, ಹಿಂಭಾಗದ ಮೆಟ್ಟಿಲಿಳಿದು, ನಾನು ಇಲ್ಲಿ ಏನು ಹೇಳಿದೆ ಎಂಬುದನ್ನು ಅವಳಿಗೆ ಹೇಳಿ. ನಾನೇ ಹೇಳಿದರೆ ಈಗ ನಂಬುತ್ತಾಳೋ ಇಲ್ಲವೋ.

ನಮಸ್ಕಾರ.